ಒಂದು ಕ್ರಯಪತ್ರದ ಜಾಡು ಹಿಡಿದು



ಎಂಟನೆಯ ತರಗತಿಯಲ್ಲಿ ‘ಇತಿಹಾಸದ ಆಧಾರಗಳು’ ಪಾಠ ಮಾಡುವಾಗ, ಶಾಸನ, ನಾಣ್ಯ, ತಾಳೆಗರಿಗಳ ಜೊತೆಗೆ ನಿಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಕ್ರಯಪತ್ರವೂ ಒಂದು ಆಧಾರವೇ ಎಂದು ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಮಾತಿನ ಪೂರ್ಣ ಅರ್ಥ ನನಗೇ ತಿಳಿದದ್ದು ನಿವೃತ್ತಿಯ ನಂತರ, ಅದೂ ದೂರದ ಕ್ಯಾಲಿಫೋರ್ನಿಯಾದ ಒಂದು ಕಚೇರಿಯಲ್ಲಿ.

2023ರಲ್ಲಿ ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸಮೀಪದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮನೆ ಕೊಂಡಾಗ ಅವಳಿಗೆ ಕೊಟ್ಟಿದ್ದ ಕಾಗದಗಳ ಕಟ್ಟನ್ನು ಓದುತ್ತಾ ಕುಳಿತಿದ್ದಾಗ ಮಸುಕಾದ ಒಂದು ನಕಲು ಪ್ರತಿ ಕಣ್ಣಿಗೆ ಬಿತ್ತು. ಅದರ ಮೇಲೊಂದು ಎಚ್ಚರಿಕೆಯ ಹಾಳೆ: ಇದರಲ್ಲಿ ಜನಾಂಗದ ಕಾರಣಕ್ಕೆ ಯಾರನ್ನಾದರೂ ನಿರ್ಬಂಧಿಸುವ ಮಾತುಗಳಿದ್ದರೆ ಅವು ಕಾನೂನಿನ ಪ್ರಕಾರ ಅನೂರ್ಜಿತ ಎಂದು. ಒಳಗಿನ ಅಕ್ಷರಗಳು ಓದಲು ಬರುವಂತಿರಲಿಲ್ಲ. ಮೂಲವನ್ನು ನೋಡಬೇಕೆಂಬ ಹಟ ನನಗೆ ಹಿಡಿಯಿತು. ಮಗಳು ನಕ್ಕು, ಒಂದು ಮಧ್ಯಾಹ್ನ ರಜೆ ಹಾಕಿ, ನನ್ನನ್ನು ಕೌಂಟಿಯ ರೆಕಾರ್ಡರ್ ಕಚೇರಿಗೆ ಕರೆದೊಯ್ದಳು.

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತಹ ಘಟಕ. ಕ್ಯಾಲಿಫೋರ್ನಿಯಾದಲ್ಲಿ ಅಂತಹವು 58 ಇವೆ. ಭೂಮಿಯ ಕ್ರಯ, ಅಡಮಾನ, ದಾನಗಳ ಪತ್ರಗಳೆಲ್ಲ ದಾಖಲಾಗುವುದು ಅಲ್ಲಿಯೇ. ಅಮೆರಿಕದಲ್ಲಿ ಈ ಪದ್ಧತಿ ಬಹಳ ಹಳೆಯದು. ಮ್ಯಾಸಚೂಸೆಟ್ಸ್ ಬೇ ವಸಾಹತಿನಲ್ಲಿ 1640ರಷ್ಟು ಹಿಂದೆಯೇ, ಭೂಮಿ ಮಾರಿದವನು ಯಾರು, ಕೊಂಡವನು ಯಾರು, ಯಾವ ಭೂಮಿ, ಯಾವ ದಿನ ಎಂಬುದನ್ನು ಸಾರ್ವಜನಿಕ ಪುಸ್ತಕದಲ್ಲಿ ಬರೆಯಿಸಬೇಕೆಂಬ ಕಟ್ಟಳೆ ಬಂದಿತು. ಒಂದೇ ಜಮೀನನ್ನು ಗುಟ್ಟಾಗಿ ಇಬ್ಬರಿಗೆ ಮಾರುವ ಮೋಸವನ್ನು ತಡೆಯುವುದು ಅದರ ಉದ್ದೇಶ. ಇಂದಿಗೂ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ಮಾರಾಟದ ಅರಿವಿಲ್ಲದೆ, ಹಣ ಕೊಟ್ಟು ಕೊಂಡು, ಮೊದಲು ದಾಖಲಿಸಿದವನಿಗೇ ರಕ್ಷಣೆ. ಆದ್ದರಿಂದ ಪತ್ರದ ಮೇಲೆ ದಿನಾಂಕದ ಜೊತೆಗೆ ಗಂಟೆ ನಿಮಿಷಗಳ ಮುದ್ರೆಯೂ ಬೀಳುತ್ತದೆ. ನಮ್ಮ 1908ರ ನೋಂದಣಿ ಕಾಯಿದೆಯಲ್ಲಾದರೋ ನೋಂದಣಿಯಾದ ಪತ್ರವು ಬರೆದುಕೊಟ್ಟ ದಿನದಿಂದಲೇ ಊರ್ಜಿತವೆನಿಸುತ್ತದೆ.

ಒಂದು ಸಾಮ್ಯವಂತೂ ಎರಡೂ ಕಡೆ ಇದೆ. ದಾಖಲಿಸುವ ಕಚೇರಿಯು ‘ಈ ಭೂಮಿ ಇಂಥವನದೇ’ ಎಂದು ಭರವಸೆ ಕೊಡುವುದಿಲ್ಲ. ತಂದ ಪತ್ರ ನಿಯಮದಂತಿದ್ದರೆ ಅದನ್ನು ಸ್ವೀಕರಿಸಿ, ಪ್ರತಿಯಿಟ್ಟುಕೊಂಡು, ಸೂಚಿಯಲ್ಲಿ ಸೇರಿಸುತ್ತದೆ, ಅಷ್ಟೆ. ಒಡೆತನದ ಸರಪಳಿ ಸರಿಯಿದೆಯೇ ಎಂದು ನೋಡುವ ಹೊಣೆ ಕೊಳ್ಳುವವನದು. ಈ ಭಯವನ್ನೇ ಬಂಡವಾಳ ಮಾಡಿಕೊಂಡು 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಹಕ್ಕಿನ ವಿಮೆ ಮಾಡುವ ಮೊದಲ ಕಂಪನಿ ಹುಟ್ಟಿತು. ಈಗ ಅಲ್ಲಿ ಆ ವಿಮೆಯಿಲ್ಲದೆ ಸಾಲ ಕೊಡುವ ಬ್ಯಾಂಕು ಅಪರೂಪ.

ಹುಡುಕುವ ಕ್ರಮವನ್ನು ಹೇಳುತ್ತೇನೆ, ಕೇಳಿ. ನಮ್ಮ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹೆಸರುಗಳ ಸೂಚಿಯೂ ಇದೆ, ಆಸ್ತಿಗಳ ಸೂಚಿಯೂ ಇದೆ. ಸರ್ವೆ ನಂಬರು ಕೊಟ್ಟರೆ ಋಣಭಾರ ಪತ್ರ ಕೈಗೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮುಖ್ಯವಾದದ್ದು ಹೆಸರಿನ ಸೂಚಿ. ಅದು ಎರಡು ಬಗೆ: ಕೊಟ್ಟವರದು ಒಂದು, ಪಡೆದವರದು ಇನ್ನೊಂದು. ಪಡೆದವರ ಸೂಚಿಯಲ್ಲಿ ಮಗಳ ಹೆಸರು ಹಿಡಿದೆವು. ಅವಳಿಗೆ ಕೊಟ್ಟವರ ಹೆಸರು ಸಿಕ್ಕಿತು. ಆ ಹೆಸರನ್ನು ಮತ್ತೆ ಪಡೆದವರ ಸೂಚಿಯಲ್ಲಿ ಹುಡುಕಿದರೆ ಅವರಿಗೆ ಕೊಟ್ಟವರು ಸಿಕ್ಕರು. ಹೀಗೆ ವಂಶಾವಳಿಯಲ್ಲಿ ಮಗನಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ ಹೋದಂತೆ ಹಿಂದಕ್ಕೆ ನಡೆಯುವುದು. ಒಬ್ಬ ಹೆಣ್ಣುಮಗಳು ಮದುವೆಯಾಗಿ ಹೆಸರು ಬದಲಿಸಿದ ಕಡೆ ಸರಪಳಿ ಕಡಿದು ಮುಕ್ಕಾಲು ಗಂಟೆ ಅಲ್ಲಿಯೇ ನಿಂತೆವು. ಈಚಿನ ದಶಕಗಳದು ಕಂಪ್ಯೂಟರಿನಲ್ಲಿತ್ತು, ಅದಕ್ಕೂ ಹಿಂದಿನದು ಮೈಕ್ರೋಫಿಲ್ಮ್ ಸುರುಳಿಗಳಲ್ಲಿ. ಕೌಂಟರಿನ ಹೆಂಗಸು ತಾಳ್ಮೆಯಿಂದ ಯಂತ್ರಕ್ಕೆ ಸುರುಳಿ ಹಾಕುವುದನ್ನು ಕಲಿಸಿಕೊಟ್ಟಳು. ಪತ್ರದ ಅರ್ಥವೇನೆಂದು ಕೇಳಿದಾಗ ಮಾತ್ರ, ಕಾನೂನಿನ ಸಲಹೆ ಕೊಡಲು ತನಗೆ ಅಧಿಕಾರವಿಲ್ಲವೆಂದು ನಯವಾಗಿಯೇ ತಿಳಿಸಿದಳು.

ಆರು ಕೈಗಳ ಹಿಂದೆ, 1939ರಲ್ಲಿ, ಬಡಾವಣೆ ನಿರ್ಮಿಸಿದ ಕಂಪನಿಯ ಹೆಸರು ಬಂದಿತು. ಅದು ಬರೆದುಕೊಟ್ಟ ಕ್ರಯಪತ್ರ ಒಂದೇ ಪುಟದ್ದು. ಅದರಲ್ಲಿ ಆಕ್ಷೇಪಾರ್ಹವಾದದ್ದು ಏನೂ ಇರಲಿಲ್ಲ. ಇಂಥ ಪುಸ್ತಕದ ಇಂಥ ಪುಟದಲ್ಲಿ ದಾಖಲಾಗಿರುವ ಷರತ್ತುಗಳಿಗೆ ಒಳಪಟ್ಟು ಎಂಬ ಒಂದು ಸಾಲು ಮಾತ್ರ ಇತ್ತು. ಆ ಪುಟವನ್ನು ತೆಗೆದೆವು. ಮನೆ ರಸ್ತೆಯಿಂದ ಎಷ್ಟು ಅಡಿ ಹಿಂದಿರಬೇಕು, ಕೋಳಿ ಸಾಕಬಾರದು ಎಂಬಂತಹ ಷರತ್ತುಗಳ ನಡುವೆ, ಅದೇ ತಣ್ಣನೆಯ ಧಾಟಿಯಲ್ಲಿ, ಬಿಳಿಯರಲ್ಲದ ಯಾರೂ ಈ ಬಡಾವಣೆಯಲ್ಲಿ ನಿವೇಶನವನ್ನು ಕೊಳ್ಳುವಂತಿಲ್ಲ, ವಾಸಿಸುವಂತಿಲ್ಲ ಎಂದು ಬರೆದಿತ್ತು. ಒಂದು ವಿನಾಯಿತಿಯೂ ಇತ್ತು: ಯಜಮಾನನ ಮನೆಯಲ್ಲಿ ದುಡಿಯುವ ಆಳುಗಳು ಇರಬಹುದು.

ಮಗಳು ಪರದೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, “ಅಪ್ಪ, ಆಳಾಗಿದ್ದರೆ ನನ್ನ ಮನೆಯಲ್ಲಿ ನಾನು ಇರಬಹುದಿತ್ತು” ಎಂದಳು.

ಇಂತಹ ಷರತ್ತುಗಳು ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು. ನಗರಗಳು ಕಾನೂನು ಮಾಡಿ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಬೀದಿಗಳನ್ನು ಗೊತ್ತುಪಡಿಸುವುದು ತಪ್ಪೆಂದು 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸರ್ಕಾರ ಮಾಡಲಾಗದ್ದನ್ನು ಖಾಸಗಿ ಕರಾರಿನಿಂದ ಮಾಡುವ ಉಪಾಯ ಆಮೇಲೆ ಎಲ್ಲೆಡೆ ಹಬ್ಬಿತು. 1926ರ ಇನ್ನೊಂದು ತೀರ್ಪು ಅದಕ್ಕೆ ತಡೆಯೊಡ್ಡಲಿಲ್ಲ. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಅಂದರೆ ಗೃಹಸಾಲಗಳಿಗೆ ಖಾತರಿ ಕೊಡುತ್ತಿದ್ದ ಸರ್ಕಾರಿ ಸಂಸ್ಥೆ, ತನ್ನ ಕೈಪಿಡಿಯಲ್ಲಿಯೇ ಇಂತಹ ಷರತ್ತುಗಳನ್ನು ಶಿಫಾರಸು ಮಾಡಿತು. ಸೇಂಟ್ ಲೂಯಿಸ್ ನಗರದಲ್ಲಿ ಶೆಲ್ಲಿ ಎಂಬ ಕರಿಯ ಕುಟುಂಬವು 1945ರಲ್ಲಿ ಕೊಂಡ ಮನೆಗೆ 1911ರ ಇಂತಹುದೇ ಕರಾರು ಅಡ್ಡಬಂದಿತು. ಆ ಮೊಕದ್ದಮೆಯಲ್ಲಿ 1948ರ ಮೇ 3ರಂದು, ನ್ಯಾಯಾಲಯಗಳು ಈ ಷರತ್ತುಗಳನ್ನು ಜಾರಿಗೊಳಿಸಕೂಡದೆಂದು ಸುಪ್ರೀಂ ಕೋರ್ಟು ಹೇಳಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಮೂವರು ವಿಚಾರಣೆಯಿಂದಲೇ ಹೊರಗುಳಿದಿದ್ದರು. ಮನೆಯ ಮಾರಾಟ ಮತ್ತು ಬಾಡಿಗೆಗಳಲ್ಲಿ ಜನಾಂಗಭೇದವನ್ನು ನಿಷೇಧಿಸುವ ಕಾಯಿದೆ ಬಂದದ್ದು 1968ರಲ್ಲಿ. ಷರತ್ತು ಸತ್ತಿತು, ಬರಹ ಮಾತ್ರ ಪುಸ್ತಕದಲ್ಲಿ ಉಳಿಯಿತು.

ನಮ್ಮ ದೇಶದವರ ಕಥೆಯೂ ಇದರಲ್ಲಿ ಹೆಣೆದುಕೊಂಡಿದೆ. ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಕೃಷಿಭೂಮಿ ಕೊಳ್ಳಬಾರದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾಯಿದೆ ಮಾಡಿ, 1920ರಲ್ಲಿ ಅದನ್ನು ಬಿಗಿಗೊಳಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ‘ಬಿಳಿಯರು’ ಅಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಾಯಿತು. ಬೆವರು ಸುರಿಸಿ ಹೊಲ ಮಾಡಿದ್ದ ಪಂಜಾಬಿ ರೈತರಲ್ಲಿ ಹಲವರು ಭೂಮಿಯನ್ನು ನಂಬಿಕೆಯ ಬಿಳಿಯ ವಕೀಲರ ಹೆಸರಿನಲ್ಲೋ, ಅಲ್ಲಿಯೇ ಹುಟ್ಟಿದ ತಮ್ಮ ಮಕ್ಕಳ ಹೆಸರಿನಲ್ಲೋ ಇಡಬೇಕಾಯಿತು. ಹೆಸರಿನ ಸೂಚಿಯಲ್ಲಿ ಅವರನ್ನು ಹುಡುಕಿದರೆ ಅವರು ಸಿಕ್ಕುವುದಿಲ್ಲ, ಹೊಲ ಉತ್ತವರು ಅವರೇ ಆದರೂ. ಪೇಶಾವರದಿಂದ 1915ರಲ್ಲಿ ಪತ್ನಿ ಕಲಾ ಮತ್ತು ಮೂವರು ಮಕ್ಕಳೊಡನೆ ಬಂದ ವೈಷ್ಣೋ ದಾಸ್ ಬಗಾಯಿ ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನಿನೊಡನೆ ಹೋದಾಗ, ನೆರೆಯವರು ಮನೆಗೆ ಬೀಗ ಜಡಿದಿದ್ದರು. 1921ರಲ್ಲಿ ದೊರೆತ ಅವರ ಪೌರತ್ವವನ್ನು ಥಿಂಡ್ ತೀರ್ಪಿನ ನಂತರ ಕಿತ್ತುಕೊಳ್ಳಲಾಯಿತು. ಆಸ್ತಿಯನ್ನು ಬಿಡಬೇಕಾಯಿತು. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ. ಇಂದು ಬರ್ಕ್ಲಿಯ ಒಂದು ರಸ್ತೆಗೆ ಕಲಾ ಬಗಾಯಿಯವರ ಹೆಸರಿದೆ.

ಈಗ ಮಗಳು ಮಾಡಿದ ಕೆಲಸವನ್ನು ಹೇಳುತ್ತೇನೆ. 2021ರಲ್ಲಿ ಅಂಗೀಕಾರವಾದ ಕಾಯಿದೆಯಂತೆ, 2022ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದ ಪ್ರತಿ ಕೌಂಟಿಯ ರೆಕಾರ್ಡರೂ ಇಂತಹ ಬರಹಗಳನ್ನು ಹುಡುಕಿ ತಿದ್ದುವ ಕಾರ್ಯಕ್ರಮವನ್ನು ನಡೆಸಬೇಕು. ಮನೆಯ ಒಡೆಯರೂ ಅರ್ಜಿ ಕೊಡಬಹುದು. ಮೂಲಪತ್ರದ ಪೂರ್ತಿ ನಕಲಿನಲ್ಲಿ ಆ ಮಾತುಗಳ ಮೇಲೆ ಗೀಟು ಹಾಕಿ, ನಮೂನೆಯೊಡನೆ ಸಲ್ಲಿಸಬೇಕು. ಕೌಂಟಿಯ ಸರ್ಕಾರಿ ವಕೀಲರು ಪರಿಶೀಲಿಸಿ ಒಪ್ಪಿದರೆ ತಿದ್ದುಪಡಿ ದಾಖಲಾಗುತ್ತದೆ. ಶುಲ್ಕವಿಲ್ಲ. ಗೀಟು ಹಾಕದ ಮೂಲವನ್ನು ಚರಿತ್ರೆಗಾಗಿ ಉಳಿಸಿಕೊಳ್ಳಬೇಕೆಂದೂ ಅದೇ ಕಾಯಿದೆ ಹೇಳುತ್ತದೆ.

ಮಗಳಿಗೆ ಈ ಕೊನೆಯ ಅಂಶ ಹಿಡಿಸಲಿಲ್ಲ. “ಆ ಪುಟವನ್ನೇ ಸುಟ್ಟುಹಾಕಬಾರದೇಕೆ?” ಎಂದಳು. ಪುಟಗಳು ಸುಟ್ಟರೆ ಏನಾಗುವುದೆಂದು ಅವಳ ನೆರೆಯ ಊರೇ ಕಂಡಿದೆ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ದಾಖಲೆಗಳ ಬಹುಭಾಗ ಹೋಯಿತು. ತಮ್ಮ ಮನೆ ತಮ್ಮದೇ ಎಂದು ಸ್ಥಾಪಿಸಲು ಜನರು ಕೋರ್ಟಿಗೆ ಹೋಗಬೇಕಾಗಿ, ಅದಕ್ಕೆಂದೇ ಅದೇ ವರ್ಷ ಮೆಕೆನರ್ನಿ ಕಾಯಿದೆಯನ್ನು ಮಾಡಬೇಕಾಯಿತು. ಇದಕ್ಕಿಂತ ದೊಡ್ಡ ಕಾರಣವೂ ಇದೆ. ಆ ಪುಟ ಹೋದರೆ, ನಾಳೆ ಯಾರಾದರೂ ‘ಹಾಗೆ ನಡೆದೇ ಇರಲಿಲ್ಲ’ ಎಂದಾಗ ತೋರಿಸಲು ಏನೂ ಉಳಿಯುವುದಿಲ್ಲ. ತಪ್ಪು ಉತ್ತರವನ್ನು ರಬ್ಬರಿನಿಂದ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ ಎಂದು ನಿಮಗೆ ಹೇಳುತ್ತಿದ್ದೆನಲ್ಲ, ಅದನ್ನೇ ಅವಳಿಗೂ ಹೇಳಿದೆ. ಅವಳು ಪೂರ್ತಿ ಒಪ್ಪಲಿಲ್ಲ. ಆದರೂ ಅರ್ಜಿಗೆ ಸಹಿ ಹಾಕಿದಳು. ಕೆಲವು ವಾರಗಳ ನಂತರ ದಾಖಲೆಯ ಸಂಖ್ಯೆ ಬಿದ್ದ ಪ್ರತಿ ಅಂಚೆಯಲ್ಲಿ ಬಂದಿತು.

ಊರಿಗೆ ಮರಳಿದ ಮೇಲೆ ನಮ್ಮ ಮನೆಯ ಟ್ರಂಕನ್ನು ತೆರೆದೆ. ತಾತನ ಕಾಲದ ಕ್ರಯಪತ್ರವನ್ನು ಅನೇಕ ಸಲ ಓದಿದ್ದೆ, ಆದರೆ ಅದರ ಚಕ್ಕುಬಂದಿಯನ್ನು ನಿಂತು ಓದಿರಲಿಲ್ಲ. ಪೂರ್ವಕ್ಕೆ ಇಂಥವರ ಮನೆ, ಉತ್ತರಕ್ಕೆ ಓಣಿ, ಪಶ್ಚಿಮಕ್ಕೆ ದೇವಸ್ಥಾನದ ಇನಾಮು ಜಮೀನು, ದಕ್ಷಿಣಕ್ಕೆ ಹಳ್ಳ, ಹಳ್ಳದ ಆಚೆಗೆ ಒಂದು ಜಾತಿಯ ಹೆಸರು ಹಿಡಿದು ಬರೆದ ಕೇರಿ. ಆ ಜನರು ನಮ್ಮ ಬೀದಿಯಲ್ಲಿ ಮನೆ ಕೊಳ್ಳಬಾರದೆಂದು ಪತ್ರದಲ್ಲಿ ಎಲ್ಲಿಯೂ ಇಲ್ಲ. ಬರೆಯುವ ಅಗತ್ಯವೇ ಬಿದ್ದಿರಲಿಲ್ಲ. ನಾನು ಬೆಳೆದ ಆ ಬೀದಿಯಲ್ಲಿ ಹಳ್ಳದ ಆಚೆಯಿಂದ ಬಂದು ಮನೆ ಕೊಂಡವರು ನನ್ನ ಬಾಲ್ಯದಲ್ಲಿ ಒಬ್ಬರೂ ಇರಲಿಲ್ಲ, ಮತ್ತು ಅದೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ. ಇತಿಹಾಸ ಕಲಿಸಿದ ಮೂರು ದಶಕಗಳಲ್ಲಿಯೂ ಕೇಳಲಿಲ್ಲ. ಮಗಳ ಮನೆಯ ಷರತ್ತಿಗೆ ಪುಸ್ತಕವಿದೆ, ಪುಟವಿದೆ, ಗೀಟು ಹಾಕಲು ನಮೂನೆಯಿದೆ. ನಮ್ಮ ಬೀದಿಯ ಷರತ್ತು ಯಾವ ಪುಸ್ತಕದಲ್ಲಿಯೂ ಇಲ್ಲವಾದ್ದರಿಂದ ಗೀಟು ಹಾಕುವುದು ಎಲ್ಲಿ?

ಅದಕ್ಕೇ ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಮನೆಗಳಲ್ಲಿಯೂ ಹಳೆಯ ಪತ್ರಗಳಿರುತ್ತವೆ. ಆಸ್ತಿ ಹಂಚಿಕೊಳ್ಳುವ ದಿನ ಮಾತ್ರ ಅವನ್ನು ತೆಗೆಯಬೇಡಿ. ಒಂದು ಬಿಡುವಿನ ಮಧ್ಯಾಹ್ನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಕ್ಕುಬಂದಿಯನ್ನು ನಿಧಾನವಾಗಿ ಓದಿ. ಎಲ್ಲೆಯ ಆಚೆಗೆ ಯಾರಿದ್ದರು ಎಂದು ಅವರು ಕೇಳಿದರೆ, ಗೊತ್ತಿದ್ದುದನ್ನು ಮರೆಮಾಚದೆ ಹೇಳಿ.