ಪಾಸ್ ಕಸಿಯುವ ಕಸುಬು

1952ರಲ್ಲಿ ಅಮೆರಿಕನ್ ಫುಟ್‌ಬಾಲಿನ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಕಚೇರಿಗೆ ಯುವಕರೊಬ್ಬರು ಹೇಳದೆ ಕೇಳದೆ ಬಂದು ನಿಂತರು. ಕೈಯಲ್ಲಿ ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ಪುಸ್ತಕವಿತ್ತು. ನಾಲ್ಕು ವರ್ಷ ಸೈನ್ಯದಲ್ಲಿದ್ದ ರಿಚರ್ಡ್ ಲೇನ್ ಆಗ ವಿಮಾನ ಕಾರ್ಖಾನೆಯಲ್ಲಿ ಎಣ್ಣೆ ಮೆತ್ತಿದ ಲೋಹದ ಹಾಳೆಗಳನ್ನು ಎತ್ತುವ ಕೆಲಸದಲ್ಲಿದ್ದರು. ಅವರಿಗೆ ಬೇಕಿದ್ದುದು ಪಾಸ್ ಹಿಡಿಯುವ ರಿಸೀವರ್ ಜಾಗ. ಅಲ್ಲಿ ಆಗಲೇ ಘಟಾನುಘಟಿಗಳಿದ್ದರು. ತರಬೇತುದಾರ ಜೋ ಸ್ಟೈಡಹಾರ್ ಲೇನ್‌ರನ್ನು ಎದುರಾಳಿ ರಿಸೀವರ್‌ಗಳನ್ನು ಬೆನ್ನಟ್ಟಿ ತಡೆಯುವ ಡಿಫೆನ್ಸಿವ್ ಬ್ಯಾಕ್ ಮಾಡಿದರು. ಮುಂದೆ ‘ನೈಟ್ ಟ್ರೇನ್’ ಎಂದೇ ಹೆಸರಾದ ಈ ಆಟಗಾರ ಅದೇ ವರ್ಷ 12 ಪಂದ್ಯಗಳಲ್ಲಿ ಎದುರಾಳಿಗಳ 14 ಪಾಸ್‌ಗಳನ್ನು ಕಸಿದರು. ಈಗ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಋತುವಿಗೆ 17 ಪಂದ್ಯ ಆಡುತ್ತವೆ. ಲೇನ್ ದಾಖಲೆ ಮಾತ್ರ ಹಾಗೇ ಇದೆ.

ಹೀಗೆ ಪಾಸ್ ಕಸಿಯುವ ಇಂಟರ್‌ಸೆಪ್ಷನ್ ನೋಡುವವರಿಗೆ ಅದೃಷ್ಟದಂತೆ ಕಾಣುತ್ತದೆ. ಅದು ಪಳಗಿದ ಕಾಲು, ಕಣ್ಣು, ಕೈಗಳ ಕೆಲಸ. ಚೆಂಡನ್ನು ಎಸೆದು, ಹಿಡಿದು ಅನುಭವವಿದ್ದ ಹಲವರು ಪಾಸ್‌ಗಳನ್ನು ಚೆನ್ನಾಗಿ ಕಸಿದಿದ್ದಾರೆ.

1906ಕ್ಕೆ ಮೊದಲು ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತೆಯೇ ಇರಲಿಲ್ಲ. ಗುಂಪುಗುಂಪಾಗಿ ನುಗ್ಗಿ ಡಿಕ್ಕಿ ಹೊಡೆಯುವ ಆಟದಲ್ಲಿ ಹುಡುಗರು ಸಾಯುತ್ತಿದ್ದರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1905ರಲ್ಲಿ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದರು. ಮರುವರ್ಷ ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿತು. ಆದರೆ ಪಾಸ್ ಯಾರಿಗೂ ತಾಗದೆ ನೆಲಕ್ಕೆ ಬಿದ್ದರೆ ಚೆಂಡು ಎದುರಾಳಿಯ ಪಾಲು. ಇಂಥ ನಿಯಮವಿದ್ದಾಗ ಕಸಿಯುವ ವಿದ್ಯೆಯನ್ನು ಪ್ರತ್ಯೇಕವಾಗಿ ಕಲಿಸುವ ತುರ್ತು ಎಲ್ಲಿಂದ ಬರಬೇಕು?

1933ರಲ್ಲಿ ಎನ್‌ಎಫ್‌ಎಲ್ ಪಾಸಿನ ಕಟ್ಟುಗಳನ್ನು ಇನ್ನಷ್ಟು ಸಡಿಲಿಸಿತು. ಆಗ ದಾಳಿ, ರಕ್ಷಣೆ ಎರಡೂ ಕಡೆಯ ಆಟವನ್ನು ಒಬ್ಬರೇ ಆಡುತ್ತಿದ್ದರು. ವಾಷಿಂಗ್ಟನ್ ತಂಡದ ಸ್ಯಾಮಿ ಬಾ 1943ರಲ್ಲಿ ಡೆಟ್ರಾಯಿಟ್ ವಿರುದ್ಧ ಒಂದೇ ಪಂದ್ಯದಲ್ಲಿ ಅಂಕ ತರುವ ನಾಲ್ಕು ಟಚ್‌ಡೌನ್ ಪಾಸ್ ಎಸೆದರು, ನಾಲ್ಕು ಪಾಸ್ ಕಸಿದರು. ಎಸೆಯುವವನ ಮನಸ್ಸು ಅವರಿಗೆ ಒಳಗಿನಿಂದಲೇ ಗೊತ್ತಿತ್ತು.

ಬದಲಿ ಆಟಗಾರರನ್ನು ಬೇಕೆಂದಾಗ ಇಳಿಸಲು 1950ರಲ್ಲಿ ಪೂರ್ಣ ಅವಕಾಶ ಸಿಕ್ಕಿದ ಮೇಲೆ ರಕ್ಷಣೆ ಪ್ರತ್ಯೇಕ ಕಸುಬಾಯಿತು. ನ್ಯೂಯಾರ್ಕ್ ಜೈಂಟ್ಸ್ ತಂಡದ ಮೊದಲ ಕಪ್ಪು ಆಟಗಾರ ಎಮ್ಲೆನ್ ಟನಲ್ 79 ಪಾಸ್ ಕಸಿದು ನಿವೃತ್ತರಾದರು. ಅವರನ್ನು ಹಿಂದಿಕ್ಕಿದ್ದು ಪಾಲ್ ಕ್ರೌಸ್. 1964ರಿಂದ 1979ರವರೆಗೆ ಆಡಿ 81 ಪಾಸ್ ಕಸಿದ ಕ್ರೌಸ್ ಕಾಲೇಜಿನಲ್ಲಿ ಬೇಸ್‌ಬಾಲಿನ ಔಟ್‌ಫೀಲ್ಡರ್ ಆಗಿದ್ದವರು. ಬೌಂಡರಿ ಬಳಿ ನಿಂತ ಕ್ರಿಕೆಟಿಗ ಬ್ಯಾಟಿನ ಸದ್ದಿಗೇ ಓಡತೊಡಗುವಂತೆ, ಚೆಂಡು ಎಲ್ಲಿ ಇಳಿಯುತ್ತದೆಂದು ಅಂದಾಜಿಸುವುದು ಅವರಿಗೆ ರೂಢಿಯಾಗಿತ್ತು.

ಮೈದಾನದ ಪಾಠ ಕಾಲಿನಿಂದ ಶುರುವಾಗುತ್ತದೆ. ಸೊಂಟ ತಗ್ಗಿಸಿ, ಮುಂಗಾಲಿನ ಮೇಲೆ ಭಾರ ಹಾಕಿ ಹಿಂದಕ್ಕೆ ಓಡಬೇಕು, ಇದೇ ಬ್ಯಾಕ್‌ಪೆಡಲ್. ತರಬೇತುದಾರ ಕೈ ತೋರಿದ ಕೂಡಲೇ ಒಂದು ಕಾಲೂರಿ ಓರೆಯಾಗಿ ಮುಂದಕ್ಕೆ ಚಿಮ್ಮಬೇಕು. ಕಣ್ಣಿನ ಪಾಠ ಇದಕ್ಕಿಂತ ಕಷ್ಟ. ಒಬ್ಬನನ್ನೇ ಕಾಯುವಾಗ ದೃಷ್ಟಿ ರಿಸೀವರ್‌ನ ಸೊಂಟದ ಮೇಲಿರಬೇಕು, ತಲೆ ಮತ್ತು ಭುಜ ಮೋಸ ಮಾಡುತ್ತವೆ. ಜಾಗ ಕಾಯುವಾಗ ನೋಟ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಕಡೆಗೆ. ಟಿಪ್ ಡ್ರಿಲ್‌ನಲ್ಲಿ ಮುಂದಿನವನು ಬೇಕೆಂದೇ ಚೆಂಡನ್ನು ತಟ್ಟಿಬಿಡುತ್ತಾನೆ, ದಿಕ್ಕು ತಪ್ಪಿದ ಅದನ್ನು ಹಿಂದಿನವನು ಹಿಡಿಯಬೇಕು. ಚೆಂಡು ಎದೆಗೆ ಬರಲೆಂದು ಕಾಯದೆ, ಎಗರಿ ಎತ್ತರದಲ್ಲೇ ಹಿಡಿಯುವುದನ್ನೂ ದಿನವೂ ಮಾಡಿಸುತ್ತಾರೆ. ಗಾಳಿಯಲ್ಲಿರುವ ಚೆಂಡಿನ ಮೇಲೆ ಎರಡೂ ತಂಡಗಳಿಗೆ ಸಮಾನ ಹಕ್ಕಿದೆ; ಈ ಹಕ್ಕನ್ನು ಚಲಾಯಿಸುವ ಧೈರ್ಯ ತುಂಬುವುದೇ ತರಬೇತಿಯ ಜೀವಾಳ.

ನಿಯಮಗಳು ಈ ಪಾಠವನ್ನು ಮತ್ತೆ ಮತ್ತೆ ತಿದ್ದಿವೆ. ಪಿಟ್ಸ್‌ಬರ್ಗ್‌ನ ಮೆಲ್ ಬ್ಲೌಂಟ್ ರಿಸೀವರ್‌ಗಳನ್ನು ದಾರಿಯುದ್ದಕ್ಕೂ ತಳ್ಳಿ ಕಂಗೆಡಿಸುತ್ತಿದ್ದರು. 1978ರಲ್ಲಿ ಅಂಥ ತಳ್ಳಾಟವನ್ನು ಮೊದಲ ಐದು ಗಜಕ್ಕೆ ಸೀಮಿತಗೊಳಿಸಿದರು. ಓಕ್‌ಲ್ಯಾಂಡ್‌ನ ಲೆಸ್ಟರ್ ಹೇಯ್ಸ್ ಕೈ ತುಂಬ ಅಂಟು ಬಳಿದುಕೊಂಡು 1980ರಲ್ಲಿ 13 ಪಾಸ್ ಕಸಿದರು; ಮರುವರ್ಷ ಅಂಟು ನಿಷೇಧವಾಯಿತು. ಎಲ್ಲವೂ ಅಂಟಿನ ಮಹಿಮೆ ಎನ್ನುವುದು ಅನ್ಯಾಯ. ಆಮೇಲೂ ಹೇಯ್ಸ್ ಅಗ್ರಗಣ್ಯ ಡಿಫೆನ್ಸಿವ್ ಬ್ಯಾಕ್ ಆಗಿಯೇ ಉಳಿದರು.

ಕ್ವಾರ್ಟರ್‌ಬ್ಯಾಕ್‌ಗಳು ಈಗ ಚಿಕ್ಕ, ಅಪಾಯ ಕಡಿಮೆಯಿರುವ ಪಾಸ್‌ಗಳನ್ನೇ ಹೆಚ್ಚಾಗಿ ಎಸೆಯುತ್ತಾರೆ. ಅವಕಾಶ ವಿರಳವಾದಷ್ಟೂ ಎದುರಾಳಿಯ ಆಟವನ್ನು ಮೊದಲೇ ಓದಿಕೊಳ್ಳುವ ಬೆಲೆ ಏರಿದೆ. ಬಾಲ್ಟಿಮೋರ್‌ನ ಎಡ್ ರೀಡ್ ವಿಡಿಯೊಗಳನ್ನು ತದೇಕಚಿತ್ತದಿಂದ ನೋಡಿ, ಬೇಕೆಂದೇ ತಪ್ಪು ಜಾಗದಲ್ಲಿ ನಿಂತಂತೆ ನಟಿಸಿ ಪಾಸ್ ಎಸೆಯಲು ಆಸೆ ಹುಟ್ಟಿಸುತ್ತಿದ್ದರು.

2015ರ ಫೆಬ್ರುವರಿ 1ರ ಸೂಪರ್ ಬೌಲ್, ಅಂದರೆ ಲೀಗಿನ ಅಂತಿಮ ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ, ನ್ಯೂ ಇಂಗ್ಲೆಂಡ್‌ನ ಹೊಸಬ ಮಾಲ್ಕಮ್ ಬಟ್ಲರ್ ಎದುರಾಳಿ ಸಿಯಾಟಲ್ ತಂಡದ ಒಂದು ತಂತ್ರಕ್ಕೆ ಸಿಕ್ಕಿಬಿದ್ದರು. ಮುಂದಿದ್ದ ರಿಸೀವರ್ ಅಡ್ಡ ಬಂದ, ಬಟ್ಲರ್ ಸುತ್ತು ಹಾಕಿ ಹೋದರು, ಟಚ್‌ಡೌನ್ ಆಯಿತು. ತರಬೇತುದಾರರು ಆ ತಪ್ಪನ್ನು ತೋರಿಸಿಕೊಟ್ಟರು. ಪಂದ್ಯದ ಕೊನೆಯಲ್ಲಿ ನ್ಯೂ ಇಂಗ್ಲೆಂಡ್‌ಗೆ 28–24ರ ಮುನ್ನಡೆ, ಉಳಿದದ್ದು 26 ಸೆಕೆಂಡು, ಸಿಯಾಟಲ್‌ಗೆ ಬೇಕಿದ್ದದ್ದು ಒಂದೇ ಗಜ. ಅದೇ ಜೋಡಣೆ ಕಂಡೊಡನೆ ಬಟ್ಲರ್ ಈ ಸಲ ಸುತ್ತಲಿಲ್ಲ, ನೇರವಾಗಿ ನುಗ್ಗಿ ಚೆಂಡು ಕಸಿದರು. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸದಿದ್ದ ಈ ಆಟಗಾರನಿಗೆ ಎನ್‌ಎಫ್‌ಎಲ್‌ನಲ್ಲಿ ಅದು ಮೊದಲ ಇಂಟರ್‌ಸೆಪ್ಷನ್.