ಪೇಪರ್ ಕಪ್ಪಿನ ಟೀ, ಕರುಳು, ಮಿದುಳು: ಮೈಕ್ರೋಪ್ಲಾಸ್ಟಿಕ್ ಬಗ್ಗೆ ಗೊತ್ತಿರುವುದೆಷ್ಟು?

ಪ್ಲಾಸ್ಟಿಕ್ ಲೋಟ ಹೋಯ್ತು, ಪೇಪರ್ ಕಪ್ ಬಂತು ಅಂತ ನಾನೂ ನಿರಾಳವಾಗಿದ್ದೆ. ಆದರೆ ಟೀ ಸೋರದಿರಲಿ ಅಂತ ಆ ಕಪ್ಪಿನ ಒಳಮೈಗೂ ತೆಳು ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ. ಖರಗ್‌ಪುರ ಐಐಟಿ ಸಂಶೋಧಕರು 2020ರಲ್ಲಿ ಇದನ್ನು ಪರೀಕ್ಷಿಸಿದರು. ಅಂಥ ಕಪ್ಪಿನಲ್ಲಿ 100 ಮಿ.ಲೀ. ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25 ಸಾವಿರ ಮೈಕ್ರೋಪ್ಲಾಸ್ಟಿಕ್ ಕಣಗಳು ನೀರಿಗೆ ಸೇರುತ್ತವೆ. 5 ಮಿ.ಮೀ.ಗಿಂತ ಚಿಕ್ಕ ಚೂರುಗಳಿಗೆಲ್ಲ ಈ ಹೆಸರಿದೆ. ಕಪ್ಪಿನಿಂದ ನೀರಿಗೆ ಸೇರುವ ಕಣಗಳಂತೂ ಕಣ್ಣಿಗೆ ಕಾಣುವಷ್ಟೂ ದೊಡ್ಡವಲ್ಲ.

ದೊಡ್ಡ ಕಣಗಳು ಮಲದಲ್ಲಿ ಹೊರಹೋಗುತ್ತವೆ, ಪ್ರಶ್ನೆ ಇರೋದು ತೀರಾ ಸಣ್ಣವುಗಳದ್ದು. ಚೀನಾದ ನಾನ್‌ಜಿಂಗ್ ಸಂಶೋಧಕರು ಕರುಳಿನ ಉರಿಯೂತದ ರೋಗಿಗಳ ಒಣಗಿಸಿದ ಮಲದಲ್ಲಿ ಗ್ರಾಂಗೆ ಸುಮಾರು 42 ಕಣ ಕಂಡರು. ಆರೋಗ್ಯವಂತರಲ್ಲಿ ಇದ್ದದ್ದು 28. ಹಾಗಂತ ಪ್ಲಾಸ್ಟಿಕ್ಕೇ ಕಾಯಿಲೆ ತಂತು ಅನ್ನೋಕಾಗಲ್ಲ. ಕಾಯಿಲೆ ಬಿದ್ದ ಕರುಳೇ ಹೆಚ್ಚು ಹಿಡಿದಿಟ್ಟುಕೊಂಡಿರಬಹುದು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಮಾತ್ರ ಕರುಳಿನ ಲೋಳೆಪದರ ತೆಳುವಾಗಿದ್ದು, ಅಲ್ಲಿನ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದ್ದು ಕಂಡಿದೆ.

ಮಿದುಳಿನ ಕಥೆ ಇನ್ನೂ ಗೋಜಲು. 2025ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ತಂಡ ಮೃತರ ಮಿದುಳಿನ ಮಾದರಿಗಳನ್ನು ಹೋಲಿಸಿತು. 2016ಕ್ಕಿಂತ 2024ರ ಮಾದರಿಗಳಲ್ಲಿ ಪ್ಲಾಸ್ಟಿಕ್ ಸುಮಾರು ಶೇ. 50ರಷ್ಟು ಹೆಚ್ಚು, ಮರೆವಿನ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ಬೇರೆ ವಿಜ್ಞಾನಿಗಳು ತಕರಾರು ತೆಗೆದರು: ಮಿದುಳಿನ ಕೊಬ್ಬು ಈ ಪರೀಕ್ಷೆಯಲ್ಲಿ ಪಾಲಿಥೀನ್‌ನಂತೆಯೇ ಕಾಣಿಸಬಲ್ಲದು. ನನಗೆ ಈ ತಕರಾರು ಗಟ್ಟಿಯಾಗೇ ಕಾಣುತ್ತೆ. 'ಮಿದುಳಲ್ಲಿ ಒಂದು ಚಮಚ ಪ್ಲಾಸ್ಟಿಕ್' ಅನ್ನೋ ವಾಟ್ಸಾಪ್ ಫಾರ್ವರ್ಡ್ ನಾನಂತೂ ಕಳಿಸಲ್ಲ. ಆದರೆ 2023ರಲ್ಲಿ ವಿಯೆನ್ನಾದ ತಂಡ ಇಲಿಗಳಿಗೆ ಬಾಯಿ ಮೂಲಕ ಕೊಟ್ಟ ನ್ಯಾನೋ ಕಣಗಳು ಎರಡೇ ಗಂಟೆಯಲ್ಲಿ ಮಿದುಳು ಮುಟ್ಟಿದ್ದವು. ದಾರಿ ಇದೆ ಅನ್ನೋದು ಇದರಿಂದ ಗೊತ್ತಾಗುತ್ತೆ. ಮನುಷ್ಯರಿಗೆ ಎಷ್ಟು ಹಾನಿ ಅನ್ನೋದು ಇತ್ಯರ್ಥವಾಗಿಲ್ಲ.

ಇತ್ಯರ್ಥವಾಗುವವರೆಗೆ ಕಾಯೋಣ ಅನ್ನೋದೂ ಒಂದು ರಾಜಕೀಯ ತೀರ್ಮಾನವೇ. 2024ರ ಬೂಸಾನ್ ಮಾತುಕತೆಯಲ್ಲಿ ಪ್ಲಾಸ್ಟಿಕ್ ಉತ್ಪಾದನೆಗೆ ಮಿತಿ ಹಾಕುವುದನ್ನು ಭಾರತ ಒಪ್ಪಲಿಲ್ಲ. 2025ರ ಆಗಸ್ಟ್‌ನಲ್ಲಿ ಜಿನೀವಾ ಸಭೆಯೂ ಒಪ್ಪಂದವಿಲ್ಲದೆ ಮುಗಿಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ನಿಷೇಧಿಸುವುದಾಗಿ ಹೇಳಿದರು. ಒಳ್ಳೇದೇ. ಆದರೆ ಹಾಳೆ ಮಾಡುವ ಕಾರ್ಖಾನೆ ಬಿಟ್ಟು ಇಡ್ಲಿ ಮಾಡುವವರನ್ನು ಹಿಡಿಯುವುದು ಸುಲಭ. ಟೀ ಗಾಡಿಯಲ್ಲಿ ಸ್ಟೀಲ್ ಲೋಟ ಕೇಳಿ ನೋಡಿ, "ತೊಳೆಯೋಕೆ ನೀರು ಎಲ್ಲಿಂದ ತರ್ಲಿ?" ಅಂತಾರೆ. ಬೀದಿ ಬದಿಗೆ ಒಂದು ನಲ್ಲಿ ಹಾಕಿಸಿ ಅಂತ ನಗರಪಾಲಿಕೆಯನ್ನ ಕೇಳೋಕೆ ಮಿದುಳಿನ ಸಂಶೋಧನೆ ಮುಗಿಯೋವರೆಗೆ ಕಾಯಬೇಕಿಲ್ಲ.