ಕೆಲಸ ಕೇಳುವ ಹಕ್ಕು: ತಾಸಗಾಂವದಿಂದ ದಿಲ್ಲಿಗೆ, ದಿಲ್ಲಿಯಿಂದ ತಿಕೋಂಡಿಗೆ

ದುಡಿಯಲು ಸಿದ್ಧರಿರುವವರಿಗೆ ಕೆಲಸ ಕೊಡುವುದು ಸರ್ಕಾರದ ಹೊಣೆ, ಕೊಡಲಾಗದಿದ್ದರೆ ಭತ್ಯೆ ತೆರಬೇಕು ಎಂಬ ಮಾತು ಭಾರತದಲ್ಲಿ ಮೊದಲು ಕಾಯ್ದೆಯಾದದ್ದು ಮಹಾರಾಷ್ಟ್ರದಲ್ಲಿ. ಅದರ ಮೊದಲ ಪ್ರಯೋಗ ನಡೆದದ್ದು ಸಾಂಗಲಿ ಜಿಲ್ಲೆಯ ತಾಸಗಾಂವ ತಾಲೂಕಿನಲ್ಲಿ, 1965ರಲ್ಲಿ. ಅದೇ ಜಿಲ್ಲೆಯ ಅಂಚಿನಲ್ಲಿ, ವಿಜಯಪುರ ಜಿಲ್ಲೆಯ ಮಗ್ಗುಲಿಗೆ, ಜತ್ತ ತಾಲೂಕಿನ ತಿಕೋಂಡಿ ಇದೆ. ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ, ನೆಲ ಮಳೆನೆರಳಿನದು. ಜಿಲ್ಲೆಯ ಒಂದು ತಾಲೂಕಿನಲ್ಲಿ ಹುಟ್ಟಿದ ಈ ನೀತಿ ಮುಂಬಯಿ ಏರಿ, ದಿಲ್ಲಿಗೆ ಹೋಗಿ, ದೇಶವನ್ನೆಲ್ಲ ಸುತ್ತಿ ಬಂದಿದೆ. ತಿಕೋಂಡಿಯಂಥ ಊರಿನ ಕಡೆಯಿಂದ ನಿಂತು ನೋಡಿದರೆ ಆ ಪ್ರಯಾಣದಲ್ಲಿ ಕಾಣುವುದು ಇಷ್ಟು: ಎಲ್ಲೆಲ್ಲಿ ಕೂಲಿಕಾರರು ಗುಂಪು ಕಟ್ಟಿ ಕೆಲಸ ಕೇಳಿದರೋ ಅಲ್ಲೆಲ್ಲ ಕಾಯ್ದೆ ಜೀವ ಹಿಡಿಯಿತು, ಕೇಳುವ ದಾರಿ ಮುಚ್ಚಿದ ಕಡೆ ಅದು ಕಡತದಲ್ಲೇ ಉಳಿಯಿತು.

ಬರಗಾಲದ ಕೆಲಸ ಎಂಬುದು ಈ ಸೀಮೆಗೆ ಹಳೆಯದು. 1876–78ರ ಬರ ಇಂದಿನ ವಿಜಯಪುರ–ಬಾಗಲಕೋಟೆ ಪ್ರದೇಶವಾದ ಅಂದಿನ ಕಲಾದಗಿ ಜಿಲ್ಲೆಯ ಹಳ್ಳಿಗಳನ್ನೇ ಬರಿದು ಮಾಡಿತು. ರಸ್ತೆ, ಕೆರೆಗಳ ಕಾಮಗಾರಿಗೆ ಬಂದವರ ಕೂಲಿಯನ್ನು 1877ರಲ್ಲಿ ಸರ್ಕಾರದ ಕ್ಷಾಮ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದಾಗ ಮುಂಬಯಿ ಪ್ರಾಂತದ ಹಸಿದ ಜನ ಕೆಲಸ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. 1880ರ ಕ್ಷಾಮ ಆಯೋಗದ ವರದಿಯ ನಂತರ ಪ್ರಾಂತಗಳಿಗೆ ಕ್ಷಾಮ ಸಂಹಿತೆಗಳು ಬಂದವು. ಜೀವ ಉಳಿಸುವ ವ್ಯವಸ್ಥೆಯೇನೋ ಆಯಿತು. ಆದರೆ ಬರ ಬಂದಿದೆಯೆಂದು ಹೇಳಬೇಕಾದವನು ಕಲೆಕ್ಟರ್. ಅವನು ಹೇಳುವ ತನಕ ಹೊಟ್ಟೆ ಕಾಯಬೇಕಿತ್ತು.

ಈ ಕಟ್ಟನ್ನು ತಲೆಕೆಳಗು ಮಾಡಿದವರು ವಿ. ಸ. ಪಾಗೆ. ವಿಠ್ಠಲ ಸಖಾರಾಮ ಪಾಗೆ ಗಾಂಧಿವಾದಿ, ಸಾಂಗಲಿ ಜಿಲ್ಲೆಯವರು, 1960ರಿಂದ 1978ರವರೆಗೆ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ. ಬರ ಬೀಳಲಿ ಬಿಡಲಿ, ಹೊಲದ ಕೆಲಸ ಮುಗಿದ ತಿಂಗಳುಗಳಲ್ಲಿ ಭೂಮಿಯಿಲ್ಲದವನ ಮನೆಯಲ್ಲಿ ವರ್ಷಾವರ್ಷ ಬರ ಇದ್ದೇ ಇರುತ್ತದೆ ಎಂಬುದು ಅವರು ಕಂಡಿದ್ದ ಸತ್ಯ. ಹಾಗಾಗಿ ಕೆಲಸ ಬೇಕೋ ಬೇಡವೋ ಎಂಬ ತೀರ್ಮಾನ ಕೂಲಿಕಾರರದೇ ಆಗಲಿ, ಸರ್ಕಾರ ಒದಗಿಸಲಿ ಎಂದರು. ಮುಖ್ಯಮಂತ್ರಿ ವಸಂತರಾವ್ ನಾಯಿಕ್ ಒಪ್ಪಿದರು. ತಾಸಗಾಂವದ ವಿಸಾಪುರ ಭಾಗದಲ್ಲಿ ಪ್ರಯೋಗ ಶುರುವಾಯಿತು. 1972ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿಸುವ ನಿರ್ಧಾರವಾಯಿತು.

ಆ ವರ್ಷವೇ ಮಹಾ ಬರ. 1970ರಿಂದ ಮೂರು ವರ್ಷ ಮಳೆ ಹೋಗಿ, ಜೋಳದ ಕಣಜಗಳು ಬರಿದಾದವು. ಜನ ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದರು. ಕಾಮಗಾರಿಯ ಜಾಗದಲ್ಲಿ ಸುಕಡಿ ಎಂಬ ಪೌಷ್ಟಿಕ ತಿನಿಸು ಹಂಚುತ್ತಿದ್ದರು. ಆ ಕಾಲವನ್ನು ಕಂಡ ಹಿರಿಯರು ಈ ಎರಡು ಹೆಸರುಗಳನ್ನು ಇಂದಿಗೂ ಮರೆತಿಲ್ಲ. 1973ರ ಮೇ ತಿಂಗಳ ಹೊತ್ತಿಗೆ ಮಹಾರಾಷ್ಟ್ರದ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ಇದ್ದರು. ಅದೇ ವರ್ಷಗಳಲ್ಲಿ ಆಫ್ರಿಕಾದ ಸಾಹೇಲ್ ದೇಶಗಳಲ್ಲಿ ಜನ ಹಸಿವಿನಿಂದ ಸತ್ತರು. ತಲೆಗೆ ಇಷ್ಟು ಎಂದು ಅಳೆದರೆ ಮಹಾರಾಷ್ಟ್ರದಲ್ಲಿದ್ದ ಧಾನ್ಯ ಅಲ್ಲಿಗಿಂತ ಕಡಿಮೆ, ಆದರೂ ಇಲ್ಲಿ ಕ್ಷಾಮದ ಸಾವುಗಳನ್ನು ತಡೆಯಲಾಯಿತು ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಜ್ಯಾಂ ಡ್ರೇಜ್ ಮತ್ತು ಅಮರ್ತ್ಯ ಸೇನ್ ಜಗತ್ತಿಗೆ ಎತ್ತಿ ತೋರಿಸಿದರು. ಕೂಲಿ ಕೈಗೆ ಬಂದರೆ ಕಾಳು ಸಂತೆಗೆ ತಾನಾಗಿ ಬರುತ್ತದೆ ಎಂಬುದು ಅವರ ವಾದದ ತಿರುಳು. ನನ್ನ ಮಟ್ಟಿಗೆ ಇದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ: ಆ ಬರದಲ್ಲಿ ಕಮ್ಯುನಿಸ್ಟರು, ಶೇತಕರಿ ಕಾಮಗಾರ ಪಕ್ಷದವರು, ಲಾಲ್ ನಿಶಾಣ ಪಕ್ಷದವರು ಕಾಮಗಾರಿಗಳಲ್ಲೇ ಸಭೆ ಸೇರಿಸಿ, ತಹಶೀಲ್ದಾರ ಕಚೇರಿಗಳಿಗೆ ಮೋರ್ಚಾ ಒಯ್ದರು. ಕಾಮಗಾರಿಗಳಲ್ಲಿ ಜನ ಗುಂಪುಗುಂಪಾಗಿ ಕೂತು ಖಡಿ ಒಡೆದದ್ದು ಅವರಿಗೆ ತಮ್ಮ ಸಂಖ್ಯೆಯನ್ನು ತೋರಿಸಿಕೊಟ್ಟಿತು.

ಇನ್ನು ದುಡ್ಡಿನ ವಿಚಾರ. ಈ ಯೋಜನೆ ಬೇರೆಯವುಗಳಂತೆ ಎರಡು ಬಜೆಟ್ಟಿಗೆ ಸೊರಗದೆ ಉಳಿದದ್ದಕ್ಕೆ ಇದೇ ಕಾರಣ. 1975ರಲ್ಲಿ ಮಹಾರಾಷ್ಟ್ರ ವೃತ್ತಿ ತೆರಿಗೆ ತಂದಿತು. ಸಂಬಳದಾರರು, ವಕೀಲರು, ವೈದ್ಯರು, ವ್ಯಾಪಾರಿಗಳು ಕಟ್ಟುವ ಈ ತೆರಿಗೆಯ ಜೊತೆಗೆ ಮೋಟಾರು ವಾಹನ, ಮಾರಾಟ ತೆರಿಗೆ, ನೀರಾವರಿ ಜಮೀನುಗಳ ಮೇಲಿನ ಹೆಚ್ಚುವರಿ ಕರಗಳನ್ನು ಸೇರಿಸಿ ಪ್ರತ್ಯೇಕ ನಿಧಿ ಮಾಡಿದರು. ಅಷ್ಟೇ ಮೊತ್ತವನ್ನು ಸರ್ಕಾರ ತನ್ನ ಬೊಕ್ಕಸದಿಂದ ಹಾಕಬೇಕು ಎಂದು ಗೊತ್ತು ಮಾಡಿದರು. ದೊಡ್ಡ ಪಾಲು ಬಂದದ್ದು ಮುಂಬಯಿಯಿಂದ. ನಗರದ ದುಡ್ಡು, ಹಳ್ಳಿಯ ದುಡಿಮೆ. ದೊಡ್ಡ ಹಿಡುವಳಿದಾರರು ತುಂಬಿದ್ದ ವಿಧಾನಸಭೆ ಇಂಥ ಕಾಯ್ದೆಗೆ ಹೇಗೆ ಒಪ್ಪಿತು ಎಂಬ ಪ್ರಶ್ನೆಯನ್ನು ವಿದ್ವಾಂಸರು ಮತ್ತೆ ಮತ್ತೆ ಕೇಳಿದ್ದಾರೆ. ತೆರಿಗೆಯ ಭಾರ ತಮ್ಮ ಮೇಲೆ ಹೆಚ್ಚು ಬೀಳಲಿಲ್ಲ, ಕಟ್ಟಿದ ಒಡ್ಡು, ಇಂಗು ಕೆರೆ, ರಸ್ತೆಗಳ ಲಾಭ ತಮ್ಮ ಹೊಲಕ್ಕೂ ಬಂತು, ಕೂಲಿಕಾರರು ಗುಳೆ ಹೋಗದೆ ಬಿತ್ತನೆಗೆ ಕೈಗೆ ಸಿಕ್ಕರು ಎಂಬುದು ಅದಕ್ಕಿರುವ ಉತ್ತರ. ಬಡವರ ಕಾಯ್ದೆಯೊಂದು ಉಳ್ಳವರ ಒಪ್ಪಿಗೆಯಿಂದ ನಿಂತಿತು ಎಂದರೆ ಅದರ ಮೌಲ್ಯ ಕುಂದುವುದಿಲ್ಲ. ಆದರೆ ಆ ಒಪ್ಪಿಗೆ ಎಲ್ಲಿ ಮುರಿಯಬಹುದು ಎಂಬ ಸುಳಿವೂ ಅಲ್ಲೇ ಇತ್ತು. 

ನಾಯಿಕ್ ಹೋದರು, ಶಂಕರರಾವ್ ಚವ್ಹಾಣ, ಸಾಂಗಲಿಯವರೇ ಆದ ವಸಂತದಾದಾ ಪಾಟೀಲ ಬಂದು ಹೋದರು. 1977ರ ಉದ್ಯೋಗ ಖಾತರಿ ಕಾಯ್ದೆ 1979ರ ಜನವರಿ 26ರಂದು ಜಾರಿಗೆ ಬಂದಾಗ ಶರದ್ ಪವಾರ್ ಮುಖ್ಯಮಂತ್ರಿ. ಸರ್ಕಾರಗಳು ಬದಲಾದರೂ ಯೋಜನೆಯನ್ನು ಕೈಬಿಡುವ ಧೈರ್ಯ ಯಾರಿಗೂ ಬರಲಿಲ್ಲ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ, ಗುತ್ತಿಗೆದಾರರಿಗೆ ಜಾಗವಿಲ್ಲ, ಹೆಣ್ಣಾಳಿಗೂ ಗಂಡಾಳಿಗೂ ಒಂದೇ ದರ. ಹೊಲದ ಕೂಲಿಯಲ್ಲಿ ಹೆಣ್ಣಾಳಿಗೆ ಅರ್ಧವೇ ವಾಡಿಕೆಯಾಗಿದ್ದ ಕಾಲದಲ್ಲಿ ಈ ಕೊನೆಯ ಮಾತು ದೊಡ್ಡದು.

ಆದರೆ ದರ ಕಾಗದದಲ್ಲಿ ಒಂದೇ ಇದ್ದರೂ ಕೂಲಿ ತೀರ್ಮಾನವಾಗುತ್ತಿದ್ದುದು ಗುಂಡಿಯಲ್ಲಿ. ಅಗೆದ ಗುಂಡಿಯ ನಡುವೆ ಒಂದು ಮಣ್ಣಿನ ದಿಬ್ಬವನ್ನು ಮುಟ್ಟದೆ ಬಿಡುತ್ತಾರೆ, ಎಷ್ಟು ಆಳ ಹೋಗಿದೆಯೆಂದು ಅಳತೆಗೆ ಬಂದವನಿಗೆ ತಿಳಿಯಲೆಂದು. ಗಂಡಸರು ಗುದ್ದಲಿ ಹಾಕಿದರೆ ಹೆಂಗಸರು ಬುಟ್ಟಿ ಹೊತ್ತು ದಂಡೆಗೆ ಸುರಿಯುತ್ತಾರೆ, ವಾರದ ಕೊನೆಗೆ ಟೇಪು ಬೀಳುತ್ತದೆ. ಮೆತ್ತನೆ ಮಣ್ಣಿಗೆ ಒಂದು ದರ, ಗರಸಿಗೆ ಇನ್ನೊಂದು, ಕಲ್ಲಿಗೆ ಮತ್ತೊಂದು. ಜತ್ತದಂಥ ಗಟ್ಟಿ ನೆಲದಲ್ಲಿ ಗರಸನ್ನು ಮಣ್ಣೆಂದು ಬರೆದರೆ ಇಡೀ ಟೋಳಿಯ ವಾರದ ದುಡಿಮೆ ಕರಗಿಹೋಗುತ್ತದೆ. ಹಾಜರಿ ಪಟ್ಟಿಯಲ್ಲಿ ಏನು ಬರೆದಿದೆ ಎಂದು ಓದುವ ಹಕ್ಕು ಇಲ್ಲದೆ ಕೆಲಸದ ಹಕ್ಕು ಅರ್ಧವೇ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಜನಸುನ್ವಾಯಿ ಎಂಬ ಬಹಿರಂಗ ಸಭೆಗಳಲ್ಲಿ ಹಾಜರಿ ಪಟ್ಟಿಗಳನ್ನು ಗಟ್ಟಿಯಾಗಿ ಓದಿಸಿದ್ದು ಇದಕ್ಕೇ. ಮಾಹಿತಿ ಹಕ್ಕಿನ ಕಾಯ್ದೆಯೂ ರಾಷ್ಟ್ರೀಯ ಉದ್ಯೋಗ ಖಾತರಿ ಕಾಯ್ದೆಯೂ ಸಂಸತ್ತಿನಲ್ಲಿ ಒಂದೇ ವರ್ಷ, 2005ರಲ್ಲಿ, ಅಂಗೀಕಾರವಾದದ್ದು ಕಾಕತಾಳೀಯವಲ್ಲ.

ಉಳ್ಳವರ ಆ ಒಪ್ಪಿಗೆ ಮುರಿದದ್ದು 1988ರಲ್ಲಿ. ಕೃಷಿ ಕನಿಷ್ಠ ಕೂಲಿ ಏರಿತು, ಅದಕ್ಕೆ ಕಟ್ಟುಬಿದ್ದು ಯೋಜನೆಯ ಕೂಲಿಯೂ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕೂಲಿ ಹೆಚ್ಚಿದರೆ ಜನ ಹೆಚ್ಚು ಬರಬೇಕಲ್ಲ? ಕೆಲಸಕ್ಕೆ ಬಂದವರ ಸಂಖ್ಯೆ ಇಳಿಯಿತು. ಹೊಸ ಕಾಮಗಾರಿ ತೆರೆಯುವುದನ್ನೇ ಆಡಳಿತ ನಿಧಾನ ಮಾಡಿ, ಹಕ್ಕನ್ನು ಪಡಿತರದಂತೆ ಹಂಚತೊಡಗಿತು. ನಿಧಿಗೆ ಬರುವ ತೆರಿಗೆ ಮಾತ್ರ ನಿಲ್ಲಲಿಲ್ಲ. ಖರ್ಚಾಗದ ಹಣ ಮುಂದೆ ಸಾವಿರಾರು ಕೋಟಿ ರೂಪಾಯಿ ದಾಟಿತು. ಅದೇ ಹೊತ್ತಿಗೆ, 1990ರಿಂದ, ಖಾಸಗಿ ಹೊಲಗಳಲ್ಲಿ ಹಣ್ಣಿನ ಗಿಡ ನೆಡಲು ಯೋಜನೆಯ ಕೂಲಿ ಕೊಡುವ ತೋಟಗಾರಿಕೆ ಕಾರ್ಯಕ್ರಮ ಬಂತು. ಸಾಂಗೋಲೆ, ಆಟಪಾಡಿ, ಜತ್ತದ ಒಣ ನೆಲದಲ್ಲಿ ಇಂದು ಕಾಣುವ ದಾಳಿಂಬೆ ತೋಟಗಳ ಹಿಂದೆ ಆ ಕಾರ್ಯಕ್ರಮದ ಪಾಲಿದೆ. ಇದರಿಂದ ಎಷ್ಟೋ ಸಣ್ಣ ರೈತರು ಬದುಕಿದರು, ನಿಜ. ಆದರೆ ಭೂಮಿಯಿಲ್ಲದವರಿಗೆಂದು ಹುಟ್ಟಿದ ಯೋಜನೆಯ ಲಾಭ ಹೊಲವಿದ್ದವರ ಕಡೆಗೆ ವಾಲಿದ್ದೂ ಅಷ್ಟೇ ನಿಜ.

ಸಾಂಗಲಿ ಜಿಲ್ಲೆಯಲ್ಲೇ ಇದಕ್ಕೊಂದು ಬೇರೆ ಉತ್ತರವೂ ಮೂಡಿತ್ತು. 1982ರ ಮುಂಬಯಿ ಗಿರಣಿ ಮುಷ್ಕರದಲ್ಲಿ ಊರಿಗೆ ಮರಳಿದ ಖಾನಾಪುರ ತಾಲೂಕಿನ ಕಾರ್ಮಿಕರು ಉದ್ಯೋಗ ಖಾತರಿಯ ಕೆಲಸಕ್ಕಿಳಿದರು. ವರ್ಷಗಟ್ಟಲೆ ಖಡಿ ಒಡೆದರೆ ಬರ ಹೋಗುವುದೇ ಎಂದು ಕೇಳಿದರು. ಭಾರತ್ ಪಾಟಣಕರ್ ಮುಂತಾದವರ ಮುಕ್ತಿ ಸಂಘರ್ಷ ಚಳವಳಿ ಯೇರಳಾ ನದಿಗೆ ಬಲವಡಿ–ತಾಂದುಳವಾಡಿಯ ಹತ್ತಿರ ಬಳಿರಾಜಾ ಒಡ್ಡು ಕಟ್ಟಿತು. ನದಿಯ ಮರಳು ಮಾರಿ ಬಂದ ದುಡ್ಡೂ ಅದಕ್ಕೆ ಹೋಯಿತು. ನೀರಿನ ಹಂಚಿಕೆ ಹೊಲದ ಲೆಕ್ಕಕ್ಕಲ್ಲ, ಮನೆಯ ಲೆಕ್ಕಕ್ಕೆ. ಭೂಮಿಯಿಲ್ಲದವರಿಗೂ ನೀರಿನಲ್ಲಿ ಪಾಲು ಎಂಬುದು ಅವರ ಮಾತು. ಕೆಲಸದ ಹಕ್ಕಿನಿಂದ ನೀರಿನ ಹಕ್ಕಿಗೆ ದಾಟಿದ ಈ ವಿಚಾರ ಇಡೀ ಕಥೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಸರ್ಕಾರಗಳು ಅದನ್ನು ರಾಜ್ಯಕ್ಕೆಲ್ಲ ಹಬ್ಬಿಸಲಿಲ್ಲ.

ರಾಷ್ಟ್ರೀಯ ಉದ್ಯೋಗ ಖಾತರಿ ಕಾಯ್ದೆ 2006ರ ಫೆಬ್ರವರಿ 2ರಂದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಿಂದ ಆರಂಭವಾಗಿ, 200 ಜಿಲ್ಲೆಗಳಿಂದ 2008ರ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿತು. ಕುಟುಂಬಕ್ಕೆ ವರ್ಷಕ್ಕೆ 100 ದಿನ, ಕೂಲಿಯ ಪೂರಾ ಹಣ ಕೇಂದ್ರದ್ದು, ಕನಿಷ್ಠ ಅರ್ಧ ಕಾಮಗಾರಿ ಗ್ರಾಮ ಪಂಚಾಯತಿಯ ಮೂಲಕ. ತಹಶೀಲ್ದಾರನ ಕೈಯಲ್ಲಿದ್ದದ್ದು ಪಂಚಾಯತಿಗೆ ಬಂತು. ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದಿಂದ ಪಂಚಾಯತಿಗೆ ಅಧಿಕಾರ ಕೊಟ್ಟು ರೂಢಿಯಿದ್ದ ಕರ್ನಾಟಕಕ್ಕೆ ಇದು ಒಗ್ಗಿತು. ತವರಾದ ಮಹಾರಾಷ್ಟ್ರವೇ ಮೊದಲ ವರ್ಷಗಳಲ್ಲಿ ಆಂಧ್ರ, ರಾಜಸ್ಥಾನಗಳಿಗಿಂತ ಹಿಂದೆ ಬಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಇದರ ಜಾಗಕ್ಕೆ ಹೊಸ ಕಾಯ್ದೆ ತಂದಿತು. ದಿನಗಳು 125ಕ್ಕೆ ಏರಿದವು, ಆದರೆ ಹೆಚ್ಚಿನ ರಾಜ್ಯಗಳು ವೆಚ್ಚದ 40 ಪ್ರತಿಶತ ಹೊರಬೇಕು, ಬಿತ್ತನೆ–ಸುಗ್ಗಿಯ ಹೊತ್ತಿಗೆ 60 ದಿನಗಳವರೆಗೆ ಕೆಲಸ ನಿಲ್ಲಿಸಬಹುದು. ಆಳು ಸಿಗುವುದಿಲ್ಲ ಎಂಬ ಹೊಲದೊಡೆಯರ ಹಳೆಯ ದೂರಿಗೆ ಕಾಯ್ದೆಯಲ್ಲೇ ಜಾಗ ಸಿಕ್ಕಿತು. ಕೂಲಿಗೆ ದರ ಚೌಕಾಸಿ ಮಾಡುವ ಬಲ ಹೆಣ್ಣಾಳುಗಳಿಗೆ ಬರುತ್ತಿದ್ದುದು ಅದೇ ಹೊತ್ತಿನಲ್ಲಿ. ಅದನ್ನು ಕಿತ್ತುಕೊಂಡದ್ದು ತಪ್ಪೆಂದೇ ನಾನು ಭಾವಿಸುತ್ತೇನೆ.

ಈ ನಡುವೆ ಗಡಿಯ ಎರಡೂ ಬದಿಯಲ್ಲಿ ನೀತಿಯ ಪೈಪೋಟಿ ದುಡಿಮೆಯಿಂದ ನಗದಿನ ಕಡೆಗೆ ಹೊರಳಿದೆ. 2023ರ ಮಾರ್ಚಿನಲ್ಲಿ ಮಹಾರಾಷ್ಟ್ರ ಎಸ್‌ಟಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ದರ ಮಾಡಿತು. ಜೂನ್ 11ರಿಂದ ಕರ್ನಾಟಕ ಶಕ್ತಿ ಯೋಜನೆಯಲ್ಲಿ ತನ್ನ ಹೆಣ್ಣುಮಕ್ಕಳಿಗೆ ಬಸ್ ಉಚಿತ ಮಾಡಿತು. ಕರ್ನಾಟಕದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯ ನಂತರ 2024ರಲ್ಲಿ ಮಹಾರಾಷ್ಟ್ರದ ಲಾಡಕಿ ಬಹೀಣದ 1,500 ರೂಪಾಯಿ ಬಂತು. ತಿಕೋಂಡಿಯ ಹೆಣ್ಣುಮಗಳಿಗೆ ಗಡಿಯಾಚೆಯ ಊರಿಗೆ ಕೊಟ್ಟ ಅಕ್ಕತಂಗಿಯರಿದ್ದಾರೆ. ಯಾವ ಸರ್ಕಾರ ಏನು ಕೊಡುತ್ತದೆ ಎಂಬ ಲೆಕ್ಕ ಗುಡ್ಡಾಪುರದ ದಾನಮ್ಮನ ಜಾತ್ರೆಯಲ್ಲಿ ಭೇಟಿಯಾದಾಗಲೇ ಆಗಿಬಿಡುತ್ತದೆ. ಈ ಹಣ ಹೆಣ್ಣುಮಕ್ಕಳ ಕೈಗೆ ಬರುವುದು ಒಳ್ಳೆಯದೇ. ಆದರೆ ಕಬ್ಬು ಕಡಿಯಲು ಗುಳೆ ಹೋಗುವುದನ್ನು ಅದು ತಪ್ಪಿಸುವುದಿಲ್ಲ.

ಗುಳೆ ತಪ್ಪಿಸುವುದು ನೀರು. 2022ರ ನವೆಂಬರಿನಲ್ಲಿ ಜತ್ತದ 40 ಪಂಚಾಯತಿಗಳು ಕರ್ನಾಟಕ ಸೇರಲು ಠರಾವು ಮಾಡಿದ್ದವೆಂದು ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದಾಗ ಮುಂಬಯಿ ಬೆಚ್ಚಿತು. ಅದೇ ದಿನಗಳಲ್ಲಿ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಬಂದು ತಿಕೋಂಡಿಯ ಕೆರೆ ಕೋಡಿ ಹರಿಯಿತು. ಮಹಾರಾಷ್ಟ್ರ ಸರ್ಕಾರ ವಿಸ್ತೃತ ಮ್ಹೈಸಾಳ ಯೋಜನೆಗೆ ಸುಮಾರು 2,000 ಕೋಟಿ ರೂಪಾಯಿ ಘೋಷಿಸಿತು. ದಶಕಗಳ ಮನವಿಗೆ ಸಿಗದದ್ದು ಕೆಲವೇ ವಾರಗಳಲ್ಲಿ ಸಿಕ್ಕಿತು, ಏಕೆಂದರೆ ಈ ಸಲ ಜನ ಗುಂಪಾಗಿ ಕೇಳಿದ್ದರು, ಕೇಳಿದ್ದು ಎರಡು ರಾಜಧಾನಿಗಳಿಗೆ ಕೇಳಿಸಿತ್ತು.

ದಿನನಿತ್ಯದ ಕೇಳಿಕೆ ಇನ್ನೂ ಕಷ್ಟದ್ದೇ. ಮಹಾರಾಷ್ಟ್ರದಲ್ಲಿ ಕೆಲಸ ಬೇಡಲು ತುಂಬುತ್ತ ಬಂದದ್ದು ನಮೂನೆ 4. ಅದು ಮರಾಠಿಯಲ್ಲಿದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತ ಕೂಲಿ ಹೆಂಗಸು ಅದನ್ನು ತುಂಬಿಸಿಕೊಳ್ಳಲು ಇನ್ನೊಬ್ಬರ ಮನೆಬಾಗಿಲಿಗೆ ಹೋಗಬೇಕು; ದಿನಾಂಕ ಹಾಕಿದ ರಸೀದಿ ಕೈಗೆ ಸಿಗದಿದ್ದರೆ 15 ದಿನದ ಲೆಕ್ಕ ಶುರುವಾಗುವುದೇ ಇಲ್ಲ, ಭತ್ಯೆ ಕೇಳುವ ಮಾತೇ ಬರುವುದಿಲ್ಲ. ಸಂವಿಧಾನದ 350ನೇ ವಿಧಿ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಎನ್ನುತ್ತದೆ. ತಾಲೂಕಿನಲ್ಲಿ 15ರಿಂದ 20 ಪ್ರತಿಶತ ಜನ ಬೇರೆ ಭಾಷೆಯವರಿದ್ದರೆ ಮುಖ್ಯ ನಿಯಮ, ನೋಟಿಸುಗಳನ್ನು ಆ ಭಾಷೆಯಲ್ಲೂ ಹೊರಡಿಸಬೇಕೆಂಬ ಒಪ್ಪಂದ 1956ರಿಂದಲೇ ಇದೆ. ಹೊಸ ಕಾಯ್ದೆಯ ನಮೂನೆಗಳನ್ನು ಮುಂಬಯಿ ಅಚ್ಚು ಹಾಕಿಸುವಾಗ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಪಂಚಾಯತಿಗಳಿಗೆ ಕನ್ನಡದವೂ ಬರಬೇಕು, ಹಾಜರಿ ಪಟ್ಟಿಯೂ ಕನ್ನಡದಲ್ಲಿ ಗೋಡೆಗೆ ಹಚ್ಚಬೇಕು. ತಿಕೋಂಡಿಯ ಗ್ರಾಮಸಭೆ ಈ ಬೇಡಿಕೆಯನ್ನು ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳಿಸಬಹುದು, ಒಂದು ಪ್ರತಿಯನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಹಾಕಬಹುದು.